ಆರು ಸಾಲು ಹಿಂದೆ

ಪೋರ್ಟ್ ಎಲಿಜಬೆತ್
4 ಮಾರ್ಚ್ 2024

ಶ್ರೀ ತೋಯರ್ ಜಾರ್ದೀನ್ ಅವರಿಗೆ,

‘ಅಣ್ಣ’ ಎಂದು ಬರೆದು ಹೊಡೆದುಹಾಕಿ, ಹಾಳೆ ಬದಲಾಯಿಸಿ ಮತ್ತೆ ಶುರು ಮಾಡಿದ್ದೇನೆ. ನೀವು ಫೋನ್ ಎತ್ತುವುದಿಲ್ಲ ಎಂದು ಇಲ್ಹಾಮ್ ಹೇಳಿದಳು. ಅದಕ್ಕೇ ಕಾಗದ.

ಇಲ್ಹಾಮ್ ಈಗ ನಮ್ಮ ಸಿಗ್ನಲ್ ಸ್ಟಾರ್ಸ್ ಕ್ಲಬ್ಬಿನ ಕಾರ್ಯದರ್ಶಿ. ನೀವು ಇಪ್ಪತ್ತಾರು ವರ್ಷ ಕೂತ ಕುರ್ಚಿಯಲ್ಲಿ ಈಗ ಆ ಹುಡುಗಿ ಕೂತಿದ್ದಾಳೆ. ಕ್ಲಬ್ಬಿಗೆ ನೂರು ವರ್ಷ ತುಂಬುತ್ತಿದೆಯಂತೆ. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ರಗ್ಬಿ, ಎರಡರಲ್ಲೂ ಮೊದಲ ತಂಡಕ್ಕೆ ಆಡಿದವರ ಹೆಸರುಗಳನ್ನು ಸೆಪ್ಟೆಂಬರಿನಲ್ಲಿ ಹಾಲ್‌ನ ಗೋಡೆಗೆ ಹಲಗೆ ಮಾಡಿ ಹಾಕುತ್ತಾರಂತೆ. ಹಳೆಯ ನಡಾವಳಿ ಪುಸ್ತಕ ನಿಮ್ಮ ಹತ್ತಿರ ಇರುವುದರಿಂದ ಪಟ್ಟಿ ಮಾಡಿಕೊಟ್ಟವರು ನೀವೇ. ಅವಳು ಅದನ್ನು ಫೋನಿನಲ್ಲಿ ಓದಿದಳು. ಮೂವತ್ತೊಂದು ಹೆಸರು. ಕೊನೆಗೆ ಕೇಳಿದಳು: “ಅಂಕಲ್, ಎಂಬತ್ತೊಂದರಲ್ಲಿ ಮೂವತ್ತೊಂದು ರನ್ನಿಗೆ ಏಳು ವಿಕೆಟ್ ತಗೊಂಡಿದ್ದು ನೀವೇ ಅಲ್ವಾ? ನಿಮ್ಮ ಹೆಸರೇ ಇಲ್ವಲ್ಲ?”

ನಾನೇ ಎಂದೆ. ಮ್ಯಾಟ್ ಹಾಸಿದ ಪಿಚ್ಚು, ಒಂದೇ ಬಯಲಿನಲ್ಲಿ ನಾಲ್ಕು ಪಂದ್ಯ, ಪಕ್ಕದ ಪಂದ್ಯದ ಚೆಂಡು ನಮ್ಮ ಕಾಲಿಗೆ ಬಡಿಯುತ್ತಿತ್ತು. ಅಲ್ಲಿ ತೆಗೆದುಕೊಂಡ ಏಳು ವಿಕೆಟ್. ಅದೇ ಚಳಿಗಾಲ ರಗ್ಬಿಯಲ್ಲಿ ಎಡ ಅಂಚಿನಲ್ಲಿ ಓಡಿ ಹತ್ತು ಸಲ ಚೆಂಡನ್ನು ಗೆರೆ ದಾಟಿಸಿದೆ.

ನನಗೆ ಅರವತ್ತೈದಾಯಿತು. ಬೇರೇನೂ ಕೇಳುತ್ತಿಲ್ಲ. ನನ್ನ ಹೆಸರು ಆ ಹಲಗೆಯ ಮೇಲೆ ಇರಲಿ.

ಇತಿ,
ಎಸ್. ಜಾರ್ದೀನ್


ಅಥ್ಲೋನ್, ಕೇಪ್‌ಟೌನ್
19 ಮಾರ್ಚ್ 2024

ಸೆಡಿಕ್,

ಸಲಾಂ. ಸಲಾಂ ಹೇಳುವುದು ನನ್ನ ಧರ್ಮ, ಹೇಳಿದ್ದೇನೆ. ಅದರೊಳಗೆ ಪ್ರೀತಿ ಹುಡುಕಬೇಡ.

ಉಪವಾಸದ ತಿಂಗಳಲ್ಲಿ ಸಿಟ್ಟು ಮಾಡಿಕೊಂಡರೆ ಉಪವಾಸದ ಫಲ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಿನ್ನ ಕಾಗದ ಬಂದ ದಿನ ನನ್ನದು ಹೋಯಿತು.

ಹಲಗೆಯ ಮೇಲೆ ಹೆಸರು ಬೇಕೇ? ವರ್ಣಭೇದದ ಆ ಕಾಲದಲ್ಲಿ ನಮ್ಮ ಸಂಘ ಮಾಡಿದ ನಿಯಮ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಬಿಳಿಯರ ಜೊತೆ ಆಡಿದವನು ಹೊರಗೆ. ಅವರ ಮೈದಾನದಲ್ಲಿ ಟಿಕೆಟ್ ಕೊಂಡು ಕೂತು ನೋಡಿದವನೂ ಹೊರಗೆ. ದೇಶ ಸರಿ ಇಲ್ಲದಿದ್ದಾಗ ಆಟ ಮಾತ್ರ ಸರಿ ಇರುವಂತೆ ನಟಿಸಬಾರದು ಎಂದು ನಾವೆಲ್ಲ ಕೈ ಎತ್ತಿ ಒಪ್ಪಿದ್ದೆವು. ನೀನೂ ಕೈ ಎತ್ತಿದ್ದೆ. ಆಮೇಲೆ 1983ರ ಜನವರಿಯಲ್ಲಿ, ಜಗತ್ತಿನ ಬಹಿಷ್ಕಾರ ಮುರಿದು ದುಡ್ಡಿಗೆ ತಮ್ಮನ್ನು ಮಾರಿಕೊಂಡು ಬಂದ ಆ ವೆಸ್ಟ್ ಇಂಡೀಸಿನವರನ್ನು ನೋಡಲು ನ್ಯೂಲ್ಯಾಂಡ್ಸ್ ಮೈದಾನಕ್ಕೆ ಹೋದೆ. ಹೊರಗೆ ಹಾಕಿದೆವು. ಅಷ್ಟೇ ಕಥೆ.

ಈಗ ಎಲ್ಲರಿಗೂ ಎಲ್ಲವೂ ಮರೆತುಹೋಗಿದೆ. ಹೋದ ಅಕ್ಟೋಬರಿನಲ್ಲಿ ರಗ್ಬಿ ವಿಶ್ವಕಪ್ ಫೈನಲ್, ನ್ಯೂಜಿಲೆಂಡಿನ ಮೇಲೆ ಹನ್ನೆರಡಕ್ಕೆ ಹನ್ನೊಂದು, ಒಂದೇ ಒಂದು ಅಂಕದಿಂದ ಹಸಿರು ಅಂಗಿಯ ದಕ್ಷಿಣ ಆಫ್ರಿಕಾದವರು ಗೆದ್ದರು. ನಮ್ಮ ಬೀದಿಯೆಲ್ಲ ಕಾರಿನ ಹಾರ್ನು. ಪಕ್ಕದ ಮನೆಯ ಗಮೀತ್ ಹಸಿರು ಅಂಗಿ ಹಾಕಿಕೊಂಡು ನನ್ನ ಗೇಟಿನ ಮುಂದೆ ಕುಣಿದ. ನಾನು ನನ್ನ ನ್ಯೂಜಿಲೆಂಡಿನ ಕಪ್ಪು ಅಂಗಿಯಲ್ಲಿ ಕೂತಿದ್ದೆ.

“ಏನ್ ತೋಯರಣ್ಣ, ಇನ್ನೂ ನ್ಯೂಜಿಲೆಂಡಾ? ದೇಶದ್ರೋಹಿ ಆಗ್ಬಿಟ್ಯಲ್ಲೋ!”

“ದೇಶ ನಂಗೆ ಯಾವತ್ತು ಕೊಟ್ಟಿದ್ರು, ದ್ರೋಹ ಮಾಡಕ್ಕೆ?” ಎಂದೆ.

1960ರಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಅದೇ ನ್ಯೂಲ್ಯಾಂಡ್ಸಿನ ರಗ್ಬಿ ಮೈದಾನಕ್ಕೆ ಕರೆದೊಯ್ದಿದ್ದ. ಆಗ ಈ ನಿಯಮ ಇರಲಿಲ್ಲ. ಗೋಲುಕಂಬದ ಹಿಂದೆ ಜಾಲರಿ ಹಾಕಿದ ಮೂಲೆ, ಅದು ನಮ್ಮ ಜಾಗ. ಮೇಲಿನ ಬಿಳಿಯರ ಸಾಲುಗಳಿಂದ ಕಿತ್ತಳೆ ಸಿಪ್ಪೆ, ಖಾಲಿ ಬಾಟಲಿ, ಎಂಜಲು ಬೀಳುತ್ತಿತ್ತು. ಕಪ್ಪು ಅಂಗಿಯವರು ನಮ್ಮ ಬಿಳಿಯರ ಮೇಲೆ ಗೆದ್ದಾಗ ಆ ಮೂಲೆಯ ಗಂಡಸರು ಸಂತೋಷಕ್ಕೆ ಅತ್ತರು. ಅಪ್ಪನೂ ಅತ್ತ. ಅವತ್ತು ನಾನು ಯಾರ ಕಡೆ ಎಂದು ತೀರ್ಮಾನವಾಯಿತು. ಗೆದ್ದೆತ್ತಿನ ಬಾಲ ಹಿಡಿಯುವವರು ಹಿಡಿದುಕೊಳ್ಳಲಿ. ರಗ್ಬಿ ಗೆಲ್ಲುತ್ತದೆ, ಆದ್ದರಿಂದ ಅದು ಇನ್ನೂ ಬಿಳಿಯರದೇ. ಕ್ರಿಕೆಟ್ ಬೇರೆ. ಪ್ರತಿ ವಿಶ್ವಕಪ್ಪಿನಲ್ಲೂ ಬಾಗಿಲವರೆಗೆ ಬಂದು ಹೊಸ್ತಿಲಲ್ಲಿ ಎಡವಿ ಬೀಳುತ್ತಾರೆ. ಹಾಗಾಗಿ ಅವರು ನಮ್ಮವರು. ಕ್ರಿಕೆಟ್ಟಿನಲ್ಲಿ ಮಾತ್ರ ನಾನು ದಕ್ಷಿಣ ಆಫ್ರಿಕಾ ಕಡೆ.

ಹಲಗೆಯ ಮಾತು ಮತ್ತೆ ಎತ್ತಬೇಡ.

ತೋಯರ್ ಜಾರ್ದೀನ್


ಪೋರ್ಟ್ ಎಲಿಜಬೆತ್
15 ಏಪ್ರಿಲ್ 2024

ತೋಯರಣ್ಣ,

ಹಬ್ಬ ಮುಗಿಯಲಿ ಎಂದು ಕಾದೆ. ನಿನ್ನ ಹಬ್ಬ ಕೆಡಿಸಿದವನು ನಾನಾಗುವುದು ಬೇಡ ಎಂದು. ಈಗ ಕೇಳು. ‘ನೀವು’ ಎಂದು ಕರೆಯುವ ಸಂಯಮ ನಿನ್ನ ಕಾಗದ ಓದಿದ ಮೇಲೆ ಉಳಿದಿಲ್ಲ.

1960ರಲ್ಲಿ ಅಪ್ಪ ಅತ್ತಿದ್ದನ್ನು ಎಷ್ಟು ಸಲ ಹೇಳುತ್ತೀಯ? ಆ ವರ್ಷ ನಿನ್ನ ಕಪ್ಪು ಅಂಗಿಯವರು ತಮ್ಮ ಕಂದು ಬಣ್ಣದ ಆಟಗಾರರನ್ನು ಊರಲ್ಲೇ ಬಿಟ್ಟು ಬಂದಿದ್ದರು. ನಮ್ಮ ಬಿಳಿಯರಿಗೆ ಬೇಸರವಾಗಬಾರದು ಎಂದು! ಅಪ್ಪನಿಗೆ ಅದು ಗೊತ್ತಿರಲಿಲ್ಲ. ನಿನಗೆ ಗೊತ್ತು. ಆದರೂ ಅದೇ ಅಂಗಿ ಹಾಕಿಕೊಂಡು ಗೇಟಿನಲ್ಲಿ ಕೂರುತ್ತೀಯ. ನಾನು ಹಸಿರು ಅಂಗಿ ಹಾಕುತ್ತೇನೆ. ಆ ತಂಡದ ನಾಯಕ ನಮ್ಮ ಕಾರ್ಖಾನೆಯ ಆಚೆ ಬದಿಯ ಕರಿಯರ ಬಡಾವಣೆಯಲ್ಲಿ ಬೆಳೆದವನು. ಅವನು ವಿಶ್ವಕಪ್ ಎತ್ತಿದಾಗ ನನ್ನ ಜೊತೆ ಮೂವತ್ತು ವರ್ಷ ಕಾರಿನ ಬಾಗಿಲು ಜೋಡಿಸಿದವರು ರಸ್ತೆಯಲ್ಲಿ ಕೂತು ಅತ್ತರು. ಅಳುವ ಹಕ್ಕು ಅಪ್ಪನಿಗೆ ಮಾತ್ರ ಇದೆಯೇ?

ಹೌದು, ನಾನು ಹೋಗಿದ್ದೆ. ಇಲ್ಲ ಎಂದು ಯಾವತ್ತೂ ಹೇಳಲಿಲ್ಲ. ನನಗೆ ಇಪ್ಪತ್ತನಾಲ್ಕು ವರ್ಷ, ವೇಗದ ಬೌಲರ್, ಜಗತ್ತಿನ ಅತಿ ವೇಗದ ಬೌಲರುಗಳು ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ. ಅವರೂ ನಮ್ಮ ಬಣ್ಣದವರೇ. ಒಂದು ಶನಿವಾರ ಹೋದೆ. ಒಂದು ಶನಿವಾರಕ್ಕೆ ಜೀವಾವಧಿ ಶಿಕ್ಷೆ.

ಆಮೇಲೆ ಏನಾಯಿತು ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಆ ವರ್ಷ ರಂಜಾನಿನಲ್ಲಿ ಇಡೀ ಬೀದಿಯಲ್ಲಿ ಮನೆಯಿಂದ ಮನೆಗೆ ತಿಂಡಿಯ ತಟ್ಟೆಗಳು ಓಡಾಡಿದವು, ನಮ್ಮ ಬಾಗಿಲಿಗೆ ಒಂದೂ ಬರಲಿಲ್ಲ. ನನ್ನ ಹೆಂಡತಿ ಮೂವತ್ತು ಸಂಜೆ ಬಾಗಿಲು ತೆರೆದಿಟ್ಟು ಕಾದಳು. ಬಿಳಿಯರ ಕ್ಲಬ್ಬಿನವನೊಬ್ಬ ಮನೆಗೇ ಬಂದ. “ನಿನ್ನೋರು ನಿನ್ನ ಹೊರಗ್ ಹಾಕಿದ್ರಂತಲ್ಲ. ನಮ್ ಕಡೆ ಬಾ. ಬೂಟು ಕೊಡ್ತೀವಿ, ಹುಲ್ಲಿನ ಪಿಚ್ಚು ಕೊಡ್ತೀವಿ.” ಚಹಾ ಕೊಟ್ಟು ಕಳಿಸಿದೆ. ನಿಮಗೆ ದ್ರೋಹ ಮಾಡಲು ಮನಸ್ಸಾಗಲಿಲ್ಲ. ಅಲ್ಲೂ ಆಡಲಿಲ್ಲ, ಇಲ್ಲೂ ಆಡಲಿಲ್ಲ. ಊರು ಬಿಟ್ಟು ಈ ಊರಿಗೆ ಬಂದು ಕಾರು ಕಾರ್ಖಾನೆ ಸೇರಿದೆ. ಆ ಜನವರಿಯ ನಂತರ ನಾನು ಒಂದು ಚೆಂಡನ್ನೂ ಎಸೆದಿಲ್ಲ.

ತೊಂಬತ್ತೊಂದರಲ್ಲಿ ಅಮ್ಮ ಹೋದಾಗ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದೆ. ಜನಾಜಾ ಬೀದಿಯಲ್ಲಿ ಹೋಗುತ್ತಿತ್ತು. ಹೆಗಲಿಂದ ಹೆಗಲಿಗೆ ದಾಟುತ್ತಿತ್ತು, ಗುರುತಿಲ್ಲದವರೂ ಬಂದು ನಾಲ್ಕು ಹೆಜ್ಜೆ ಹೆಗಲು ಕೊಡುತ್ತಿದ್ದರು. ನಾನು ನಿನ್ನ ಹಿಂದೆ ಬಂದು ನಿಂತೆ. ನೀನು ನೋಡಿದೆ. ಜಾಗ ಬಿಡಲಿಲ್ಲ. ಖಬರಸ್ತಾನದವರೆಗೂ ಬಿಡಲಿಲ್ಲ.

ನಲವತ್ತೊಂದು ವರ್ಷದಿಂದ ಒಂದೇ ಪ್ರಶ್ನೆ. ಹಲಗೆ ಹಾಳಾಗಲಿ, ಇದಕ್ಕಾದರೂ ಉತ್ತರ ಕೊಡು. ನಾನು ಅಲ್ಲಿದ್ದೆ ಎಂದು ಸಂಘಕ್ಕೆ ಹೇಳಿದವರು ಯಾರು? ‘ನಂಬಿಕಸ್ಥ ಸಾಕ್ಷಿ’ ಎಂದಷ್ಟೇ ನೀನು ಪುಸ್ತಕದಲ್ಲಿ ಬರೆದೆ.

ಸೆಡಿಕ್


ಅಥ್ಲೋನ್
1 ಜುಲೈ 2024

ಸೆಡಿಕ್,

ನಿನಗೆ ಉತ್ತರ ಬರೆಯಬಾರದು ಎಂದು ಎರಡೂವರೆ ತಿಂಗಳು ಗಟ್ಟಿಯಾಗಿ ಕೂತಿದ್ದೆ. ಆದರೆ ಶನಿವಾರದ ಪಂದ್ಯದ ಮೇಲೆ ಬೈಯಲು ಈ ಮನೆಯಲ್ಲಿ ಒಬ್ಬರೂ ಇಲ್ಲ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷ. ಗಮೀತನಿಗೆ ಕ್ರಿಕೆಟ್ ಗೊತ್ತಿಲ್ಲ. ಉಳಿದವನು ನೀನು.

ಮೂವತ್ತು ಚೆಂಡು, ಮೂವತ್ತು ರನ್, ಕೈಯಲ್ಲಿ ಆರು ವಿಕೆಟ್! ವಿಶ್ವಕಪ್ ಫೈನಲ್! ಹಲ್ಲಿಲ್ಲದ ನಾನು ಊರುಗೋಲು ಹಿಡಿದು ನಡುವೆ ನಿಂತಿದ್ದರೂ ಒಂದೊಂದೇ ರನ್ ಓಡಿ ಮುಗಿಸುತ್ತಿದ್ದೆ. ಇವರಿಗೆ ಏಳು ರನ್ ಸಾಲದೆ ಹೋಯಿತು. ಭಾರತದವರು ಚೆನ್ನಾಗಿ ಎಸೆದರು, ಒಪ್ಪುತ್ತೇನೆ. ಆದರೆ ಆ ಕೊನೆಯ ಐದು ಓವರ್ ನಮ್ಮ ಹುಡುಗರ ಕಣ್ಣು ನೋಡಿದೆಯಾ? ಕಳೆದುಕೊಳ್ಳುತ್ತೇವೆ ಎಂದು ಮೊದಲೇ ಗೊತ್ತಿದ್ದವರ ಕಣ್ಣು. ರಗ್ಬಿಯವರಿಗೆ ಆ ಕಣ್ಣಿಲ್ಲ. ಅವರಿಗೆ ಎಲ್ಲವೂ ತಮಗೆ ಸೇರಬೇಕಾದದ್ದೇ ಎಂಬ ಧೈರ್ಯ. ನಾನು ಟಿವಿಗೆ ಚಪ್ಪಲಿ ಎಸೆದೆ. ಟಿವಿಗೆ ಏನೂ ಆಗಲಿಲ್ಲ, ಅಮ್ಮನ ಹೂದಾನಿ ಒಡೆಯಿತು. ಅದಕ್ಕೂ ಆ ಹನ್ನೊಂದು ಜನರೇ ಹೊಣೆ.

ನೀನಾದರೆ ಇದಕ್ಕೂ ಚಪ್ಪಾಳೆ ತಟ್ಟಿರುತ್ತೀಯ. ನಿನಗೆ ಆಟ ಚೆನ್ನಾಗಿದ್ದರೆ ಸಾಕು, ಯಾರು ಆಡುತ್ತಾರೆ, ಯಾಕೆ ಆಡುತ್ತಾರೆ, ಯಾವುದೂ ಬೇಡ. ‘ಒಂದು ಶನಿವಾರ ಹೋದೆ’ ಎಂದು ಎಷ್ಟು ಸಲೀಸಾಗಿ ಬರೆಯುತ್ತೀಯ! ಸುಮ್ಮನೆ ಹೋಗಿ ಮೂಲೆಯಲ್ಲಿ ಕೂತು ಬಂದವನ ಹಾಗೆ. ಚಹಾ ವಿರಾಮದ ನಂತರ ಆ ಉದ್ದನೆಯ ಬೌಲರ್ ಎರಡನೇ ಚೆಂಡಿಗೇ ಸ್ಟಂಪು ಹಾರಿಸಿದಾಗ ನೀನು ಎದ್ದು ನಿಂತು, ಅಪ್ಪನ ಕೆಂಪು ಟೋಪಿ ತೆಗೆದು ಗಾಳಿಗೆ ಎಸೆಯಲಿಲ್ಲವೇ? ಅದು ಮುಂದಿನ ಸಾಲಿನ ಬಿಳಿ ಹೆಂಗಸಿನ ಮಡಿಲಿಗೆ ಬೀಳಲಿಲ್ಲವೇ? ಅವಳು ನಕ್ಕು ಕೊಟ್ಟಳು, ನೀನು ಸೊಂಟ ಬಗ್ಗಿಸಿ ತೆಗೆದುಕೊಂಡೆ. ಅಪ್ಪನ ಟೋಪಿ! ಜಾಲರಿಯ ಹಿಂದೆ ನಿಂತು ಎಂಜಲು ಒರೆಸಿಕೊಂಡವನ ಟೋಪಿ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹೆಸರು ಹಾಕುವುದಿಲ್ಲ. ಮುಗಿಯಿತು.

ತೋಯರ್


ಪೋರ್ಟ್ ಎಲಿಜಬೆತ್
9 ಜುಲೈ 2024

ತೋಯರಣ್ಣ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ.

ಟೋಪಿ ಎಸೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ, ಅಪ್ಪನ ಟೋಪಿ ಎಂಬ ನಾಚಿಕೆಗೆ. ನಿನ್ನ ಪುಸ್ತಕದಲ್ಲಿ ಇರುವುದು ಒಂದೇ ಸಾಲು: ‘ಸೆಡಿಕ್ ಜಾರ್ದೀನ್ ಮೈದಾನದಲ್ಲಿ ಕಂಡುಬಂದರು ಎಂದು ನಂಬಿಕಸ್ಥ ಸಾಕ್ಷಿ.’ ಹೊರಗೆ ಹಾಕಿದ ದಿನ ನೀನೇ ಅದನ್ನು ಎಲ್ಲರೆದುರು ಓದಿ ಹೇಳಿದ್ದೆ. ಟೋಪಿ ಇಲ್ಲ, ಹೆಂಗಸು ಇಲ್ಲ, ಸೊಂಟ ಬಗ್ಗಿಸಿದ್ದು ಇಲ್ಲ.

ಹೇಳಿ ಕೇಳಿದ ಮಾತಿಗೆ ನಲವತ್ತೊಂದು ವರ್ಷ ಮೈ ಉರಿಯುವುದಿಲ್ಲ. ಕಣ್ಣಾರೆ ಕಂಡದ್ದಕ್ಕೆ ಉರಿಯುತ್ತದೆ.

ನೀನು ಎಲ್ಲಿ ಕೂತಿದ್ದೆ?

ಸೆಡಿಕ್


ಅಥ್ಲೋನ್
19 ಆಗಸ್ಟ್ 2024

ಸೆಡಿಕ್,

ಆರು ಸಾಲು ಹಿಂದೆ. ನಿನ್ನ ಬಲಕ್ಕೆ.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಬದುಕಿಬಿಟ್ಟಿದ್ದೆ, ಸೋತ ಪಂದ್ಯದ ಸಿಟ್ಟು ಬಾಯಿ ಬಿಡಿಸಿತು. ಆರು ವಾರ ಈ ಕಾಗದ ಬರೆದು ಬರೆದು ಹರಿದಿದ್ದೇನೆ. ಮೊದಲು ನಿನ್ನನ್ನು ಬೈದೆ. ಆಮೇಲೆ ಗಮೀತನನ್ನು, ಆ ಬಿಳಿ ಹೆಂಗಸನ್ನು. ಬೈಯಲು ಯಾರೂ ಉಳಿಯದಿದ್ದಾಗ ಇದನ್ನು ಬರೆಯುತ್ತಿದ್ದೇನೆ.

ನಾನು ಯಾರನ್ನೂ ಹಿಡಿಯಲು ಹೋಗಿರಲಿಲ್ಲ. ಆ ಬೌಲರುಗಳನ್ನು ನೋಡಲು ಹೋದೆ. ನಿನ್ನ ಹಾಗೆಯೇ. ಕಾರ್ಯದರ್ಶಿ, ನಿಯಮ ಬರೆದವನು, ಕಣ್ಣಿನವರೆಗೂ ಟೋಪಿ ಎಳೆದುಕೊಂಡು ಟಿಕೆಟ್ ಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೋದ ಮೇಲೆ ನೀನು ಕಂಡೆ. ಆಮೇಲೆ ನಾನು ಆಟ ನೋಡಲಿಲ್ಲ, ನಿನ್ನನ್ನೇ ನೋಡಿದೆ. ನೀನು ಅಷ್ಟು ಸಂತೋಷವಾಗಿದ್ದೆ. ನನಗೆ ಆ ಸಂತೋಷ ಪಡಲೂ ಧೈರ್ಯ ಇರಲಿಲ್ಲ. ಟೋಪಿ ತೆಗೆದುಕೊಂಡು ನೀನು ಹಿಂದಕ್ಕೆ ತಿರುಗಿದೆ. ನಿನ್ನ ಕಣ್ಣು ನನ್ನ ಮೇಲೆ ಬಿತ್ತು ಅಂದುಕೊಂಡೆ. ಮರುದಿನ ಬೆಳಗ್ಗೆ, ನೀನು ಹೇಳುವ ಮೊದಲು ನಾನು ಸಂಘಕ್ಕೆ ಹೇಳಿಬಿಟ್ಟೆ, ನಂಬಿಕಸ್ಥರೊಬ್ಬರು ನಿನ್ನನ್ನು ಕಂಡರಂತೆ ಎಂದು. ನೀನು ನನ್ನನ್ನು ನೋಡಿಯೇ ಇರಲಿಲ್ಲ. ಅದು ಒಂದೇ ತಿಂಗಳಲ್ಲಿ ನನಗೆ ಗೊತ್ತಾಯಿತು. ಅಷ್ಟರಲ್ಲಿ ಇಡೀ ಬೀದಿ ನನ್ನ ಪ್ರಾಮಾಣಿಕತೆಯನ್ನು ಹೊಗಳುತ್ತಿತ್ತು. ‘ಸ್ವಂತ ತಮ್ಮನನ್ನೂ ಬಿಡಲಿಲ್ಲ ನೋಡು’ ಎಂದು. ಅಮ್ಮನ ಜನಾಜಾದ ದಿನ ನಿನಗೆ ಜಾಗ ಬಿಟ್ಟಿದ್ದರೆ ಅಲ್ಲೇ ರಸ್ತೆಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅದಕ್ಕೇ ಬಿಡಲಿಲ್ಲ.

ನಿನ್ನೆ ಭಾನುವಾರ ಕ್ಲಬ್ಬಿನ ಸಭೆಗೆ ಪುಸ್ತಕ ಹಿಡಿದುಕೊಂಡು ಹೋದೆ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಿಯಮದ ಪ್ರಕಾರ ನನ್ನನ್ನು ಹೊರಗೆ ಹಾಕಿ ಎಂದೆ. ಏನಾಯಿತು ಗೊತ್ತೇ? ನಕ್ಕರು. ಕೂಸಿಸ್ಟರ್ ಸಿಹಿ ತಿನ್ನುತ್ತ, ಬೆರಳಿನ ಸಕ್ಕರೆ ಪಾಕ ನೆಕ್ಕುತ್ತ ನಕ್ಕರು.

ಇಲ್ಹಾಮ್ ಹೇಳಿದಳು: “ಅಯ್ಯೋ ಅಂಕಲ್, ಒಂದು ಮ್ಯಾಚ್ ನೋಡಿದ್ದಕ್ಕಾ ಇಷ್ಟೆಲ್ಲಾ? ಬಿಡಿ, ಇಬ್ಬರ ಹೆಸರೂ ಹಾಕ್ಸೋಣ. ಚಹಾ ಕುಡೀರಿ.”

ನಾನು ಮೇಜು ಗುದ್ದಿ ಅರಚಿದೆ. “ನಗ್ಬೇಡ್ರೋ! ಒಬ್ಬನ ಕೈ ಕಡಿದು ಹಾಕಿದೀನಿ, ನಗ್ತೀರಾ? ಅವನೆಂಥಾ ಬೌಲರ್ ಗೊತ್ತೇನ್ರೋ ನಿಮಗೆ?” ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಸತ್ತಿದ್ದಾರೆ, ನಾನೊಬ್ಬನೇ ಉಳಿದಿದ್ದೇನೆ. ನಾವು ಆ ನಿಯಮಕ್ಕಾಗಿ ಮನೆ ಒಡೆದುಕೊಂಡೆವು. ನಿಯಮ ಸರಿಯಾಗಿಯೇ ಇತ್ತು, ಸೆಡಿಕ್, ಈಗಲೂ ಹೇಳುತ್ತೇನೆ. ಅದನ್ನು ಹಿಡಿದ ಕೈ ಕಳ್ಳನದಾಗಿತ್ತು.

1983ರ ಆ ಪುಟದಲ್ಲಿ ನಿನ್ನ ಹೆಸರಿನ ಕೆಳಗೆ ನನ್ನ ಹೆಸರನ್ನು ಬರೆದು ಸಹಿ ಹಾಕಿದ್ದೇನೆ. ಹಲಗೆ ಬರೆಯುವವನಿಗೆ ನಿನ್ನ ಹೆಸರು ಕೊಟ್ಟೆ, ನನ್ನದನ್ನು ತೆಗೆಸಿದೆ. ಇಲ್ಹಾಮ್ ಬೇಡ ಎಂದಳು, ಕೇಳಲಿಲ್ಲ.

ಇದರ ಜೊತೆ ಒಂದು ಟಿಕೆಟ್ ಇದೆ. ಸೆಪ್ಟೆಂಬರ್ 7, ಶನಿವಾರ, ಇಲ್ಲಿ ಸಮುದ್ರದ ಪಕ್ಕದ ಹೊಸ ಮೈದಾನದಲ್ಲಿ ರಗ್ಬಿ, ನ್ಯೂಜಿಲೆಂಡ್ ಬರುತ್ತಿದೆ. ಇನ್ನೊಂದು ಟಿಕೆಟ್ ನನ್ನ ಹತ್ತಿರ. ಮರುದಿನ ಭಾನುವಾರ ಹಲಗೆ ಹಾಕುತ್ತಾರೆ. ನಾನು ಕಪ್ಪು ಅಂಗಿಯಲ್ಲೇ ಬರುತ್ತೇನೆ, ಅದನ್ನು ಬಿಡುವುದಿಲ್ಲ. ನೀನು ಬರದಿದ್ದರೆ ಆ ಕುರ್ಚಿ ಖಾಲಿ ಇರಲಿ. ಬೇರೆ ಯಾರಿಗೂ ಕೊಡುವುದಿಲ್ಲ.

ಕ್ಷಮೆ ಕೇಳಲು ನನಗೆ ಬಾಯಿಲ್ಲ.

ನಿನ್ನ ಅಣ್ಣ,
ತೋಯರ್


ಪೋರ್ಟ್ ಎಲಿಜಬೆತ್
28 ಆಗಸ್ಟ್ 2024

ಅಣ್ಣ,

ಕ್ಲಬ್ಬಿನವರು ನಕ್ಕರು ಎಂದೆಯಲ್ಲ, ನನಗೆ ನಗು ಬರಲಿಲ್ಲ. ಕಾಗದ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ಒಂದು ಕಲ್ಲು ಎತ್ತಿ, ಓಡಿ ಬಂದು ಗೋಡೆಗೆ ಎಸೆದೆ. ಭುಜ ಹಿಡಿದುಕೊಂಡಿತು. ಎರಡು ದಿನ ಹೆಂಡತಿ ಎಣ್ಣೆ ತಿಕ್ಕಿದಳು. ತಿಕ್ಕುತ್ತ ಹೇಳಿದಳು: “ಹೋಗಿ ಅವನ ಮುಖಕ್ಕೇ ಉಗಿದು ಬನ್ನಿ. ಇಲ್ಲಾಂದ್ರೆ ನೀವಿಬ್ರೂ ನೆಮ್ಮದಿಯಾಗಿ ಸಾಯಲ್ಲ.”

ಕ್ಷಮಿಸಿದೆ ಎಂದು ಬರೆಯಲಾರೆ. ತಟ್ಟೆಗಳನ್ನು ಕಾದ ಮೂವತ್ತು ಸಂಜೆಗಳನ್ನು ನೀನು ಅವಳಿಗೆ ತಂದುಕೊಡಲಾರೆ. ಅಮ್ಮನ ನಾಲ್ಕು ಹೆಜ್ಜೆಯನ್ನು ನನಗೆ ಕೊಡಲಾರೆ. ಸಿಟ್ಟು ಹಾಗೆಯೇ ಇದೆ, ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಬರುತ್ತೇನೆ.

ನಿನ್ನ ಹೆಸರು ತೆಗೆಸಿದ್ದು ಶುದ್ಧ ಮೂರ್ಖತನ. ನೀನು ಆಡಿದ್ದೀಯ, ಕೆಟ್ಟದಾಗಿ ಆಡಿದ್ದೀಯ, ಸ್ಲಿಪ್ಪಿನಲ್ಲಿ ನಿಂತು ನನ್ನ ಚೆಂಡಿಗೆ ಬಂದ ಎಷ್ಟು ಕ್ಯಾಚು ಬಿಟ್ಟೆ ಎಂದು ನನಗೆ ಲೆಕ್ಕ ನೆನಪಿದೆ. ಆದರೂ ಆಡಿದ್ದೀಯ. ಇಲ್ಹಾಮಳಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಮೂವತ್ತೆರಡನೇ ಹೆಸರಿಗೆ ಇನ್ನೂ ಜಾಗ ಇದೆಯಂತೆ.

ಮುಂದಿನ ವಾರ ಗುರುವಾರ ಸಂಜೆ ಬಸ್ಸು ಹತ್ತುತ್ತೇನೆ. ಪಂದ್ಯಕ್ಕೆ ಮೊದಲು ಖಬರಸ್ತಾನಕ್ಕೆ ಹೋಗಬೇಕು, ನೀನೂ ಬರಬೇಕು. ಮೈದಾನದಲ್ಲಿ ನಾನು ಹಸಿರು ಅಂಗಿಯಲ್ಲಿ ಇರುತ್ತೇನೆ. ಅಪ್ಪನ ಟೋಪಿ ಇನ್ನೂ ಇದೆ, ಬಣ್ಣ ಹೋಗಿದೆ. ಹಸಿರು ಅಂಗಿಯವರು ಗೆರೆ ದಾಟಿದರೆ ಎಸೆಯುತ್ತೇನೆ, ಈಗಲೇ ಹೇಳಿದ್ದೇನೆ.

ಟಿಕೆಟ್ ನೋಡಿದೆ. ಪಕ್ಕದ ಕುರ್ಚಿ ನಿನ್ನದಲ್ಲವೇ? ಅಲ್ಲೇ ಕೂರು. ನೋಡಿದವರು ಈ ಸಲ ಇಬ್ಬರ ಹೆಸರನ್ನೂ ಬರೆದುಕೊಳ್ಳಲಿ.

ನಿನ್ನ ತಮ್ಮ,
ಸೆಡಿಕ್